ತಗಡಿನಾಚೆಯ ಕೂಗು

ಕೊರೋನಾ ಬಂತೆಂದು ನಮ್ಮ ಬಾಗಿಲಿಗೆ ತಗಡು ಬಡಿದ ಮೇಲೆ ಹೊಸಕೆರೆಹಳ್ಳಿಯ ಆ ಬೀದಿಯಲ್ಲಿ ಯಾರೂ ನಮ್ಮತ್ತ ತಿರುಗಿ ನೋಡಲಿಲ್ಲ. ಎದುರುಮನೆ ಆಂಟಿ ಮಾತ್ರ ದಿನಾ ಬೆಳಿಗ್ಗೆ ಗಂಜಿ ತಂದು, ಮಾಸ್ಕ್ ಕೆಳಗೆಳೆದು, ಅಪ್ಪನನ್ನು, ಅಮ್ಮನನ್ನು, ನನ್ನನ್ನು ಒಬ್ಬೊಬ್ಬರನ್ನಾಗಿ ಕೂಗುತ್ತಿದ್ದರು.

“ಓ ಅನ್ನಿ, ಹೋಗ್ತೀನಿ.”

ಮೂರು ‘ಓ’ ಕೇಳುವವರೆಗೂ ಕದಲುತ್ತಿರಲಿಲ್ಲ.

ಯಾಕೆಂದು ಒಮ್ಮೆ ಕೇಳಿದೆ. “ನೂರು ವರ್ಷದ ಹಿಂದೆ ಇನ್‌ಫ್ಲುಯೆಂಜಾ ಬಂದಿತ್ತಲ್ಲ, ಆಗ ನಮ್ ಮುತ್ತಜ್ಜಿ ಮನೇಲಿ ಎಲ್ರೂ ಹೋಗ್ಬಿಟ್ರು ಅಂತ್ಲೇ ಊರೋರು ತಿಳ್ಕೊಂಡಿದ್ರಂತೆ. ಯಾರೋ ಹೊರಗಿಂದ ಕೂಗಿದ್ರಂತೆ. ಅವ್ಳೊಬ್ಳು ಓ ಅಂದ್ಳಂತೆ. ಅದಕ್ಕೇ ನಾನಿದೀನಿ.”

ಮರುದಿನದಿಂದ ನಾನೂ ಗಟ್ಟಿಯಾಗಿ ‘ಓ’ ಅನ್ನತೊಡಗಿದೆ.

ಒಂದು ರಾತ್ರಿ ಉಸಿರಾಟ ಕಷ್ಟವಾಗಿ ಅಮ್ಮನನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ದರು; ಅವರು ಆಸ್ಪತ್ರೆಯಲ್ಲೇ ತೀರಿಕೊಂಡರು. ಮರುದಿನ ಬೆಳಿಗ್ಗೆ ಆಂಟಿ ನಮ್ಮಿಬ್ಬರನ್ನು ಕೂಗಿದ ಮೇಲೆ, ರೂಢಿಯಂತೆ ಅಮ್ಮನನ್ನೂ ಕೂಗಿಬಿಟ್ಟರು. ಆಮೇಲೆ ತಗಡಿನಾಚೆಯಿಂದ ಕದಲಲಿಲ್ಲ.

ಅಪ್ಪ ಬಾಗಿಲ ಬಳಿ ಹೋಗಿ, ಅಮ್ಮನ ಪಾಲಿನದನ್ನೂ ತಾವೇ ಹೇಳಿದರು: “ಓ.”