ಗಿರಣಿ ಯಜಮಾನರ ಚಿನ್ನದ ವಾಚು

2022ರ ಹೊತ್ತಿಗೆ ನಾನು ಕೈಗಡಿಯಾರದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಿಂದ ನಿವೃತ್ತಳಾಗಿ ಆರು ವರ್ಷವಾಗಿತ್ತು. ಇಪ್ಪತ್ತೊಂಬತ್ತು ವರ್ಷ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಬೇರೆಯವರು ಜೋಡಿಸಿದ ವಾಚುಗಳಲ್ಲಿ ತಪ್ಪು ಹುಡುಕಿದವಳು ಮನೆಯಲ್ಲಿ ಸುಮ್ಮನೆ ಕೂರುವುದು ಹೇಗೆ? ಆರ್.ಟಿ. ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು, ಹಳೆಯ ವಾಚುಗಳನ್ನು ಪರೀಕ್ಷಿಸಿ ಬರೆದುಕೊಡುವ ಕೆಲಸ ಶುರುಮಾಡಿದ್ದೆ. ರಿಪೇರಿ ಮಾಡುತ್ತಿರಲಿಲ್ಲ. ಅನುಮಾನಪಡುವುದಕ್ಕೇ ಇವಳಿಗೆ ಸಂಬಳ ಕೊಡುತ್ತಿದ್ದರು ಎಂದು ನಮ್ಮ ಯಜಮಾನರು ಬಂದವರ ಮುಂದೆ ನನ್ನನ್ನು ರೇಗಿಸುತ್ತಿದ್ದರು. ಅದು ನಿಜವೂ ಹೌದು, ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷ ದಸರಾ ಮುಗಿದ ವಾರದಲ್ಲಿ ಇಬ್ಬರು ಹೆಂಗಸರು ಬಂದರು. ಹಿರಿಯರು ಗೊರಗುಂಟೆಪಾಳ್ಯದ ವಿಮಲಾ. ಕಿರಿಯವಳು ಅವರ ತಮ್ಮನ ಹೆಂಡತಿ, ಯಲಹಂಕದ ಪಕ್ಕದ ಪುಟ್ಟೇನಹಳ್ಳಿಯ ಶಶಿಕಲಾ. ವಿಮಲಾ ಅವರ ತಂದೆ ಯಲಹಂಕದಲ್ಲಿ ಅಕ್ಕಿ ಗಿರಣಿ ನಡೆಸಿದವರು. ಗಿರಣಿ ಚೆನ್ನಾಗಿ ನಡೆದ ಕಾಲದಲ್ಲಿ ಆಸೆಪಟ್ಟು ಕೊಂಡಿದ್ದ ಸ್ವಿಸ್ ಕಂಪನಿಯ ಚಿನ್ನದ ವಾಚನ್ನು ವಿಮಲಾ ನನ್ನ ಮುಂದಿಟ್ಟರು. ತಂದೆ 2009ರಲ್ಲಿ ತೀರಿಕೊಂಡ ಮೇಲೆ ವಾಚು ಮಗನ ಮನೆಯಲ್ಲೇ, ಸೊಸೆ ಶಶಿಕಲಾಳ ಸುಪರ್ದಿಯಲ್ಲಿ ಉಳಿದಿತ್ತು. ಈಗ ವಿಮಲಾ ಅವರ ಮಗನ ಮದುವೆ. ಅಜ್ಜನ ವಾಚನ್ನು ಮೊಮ್ಮಗನ ಕೈಗೆ ಕಟ್ಟಬೇಕೆಂದು ಎರಡೂ ಮನೆಯವರು ಒಪ್ಪಿದ್ದರು. ಅಷ್ಟರಲ್ಲಿ ಪರಿಚಯದ ಚಿನ್ನದ ಅಂಗಡಿಯವರೊಬ್ಬರು ಮುಚ್ಚಳ ತೆಗೆಯದೆ, ಕೀಲಿ ಕೊಟ್ಟು ಕಿವಿಗಿಟ್ಟು ಸದ್ದು ಕೇಳಿಯೇ, ಒಳಗಿನ ಮೆಷಿನ್ ಈ ಕಂಪನಿಯದಲ್ಲ ಎಂದುಬಿಟ್ಟಿದ್ದರು. ಅಂದರೆ ಹದಿಮೂರು ವರ್ಷದಲ್ಲಿ ಮನೆಯೊಳಗೇ ಯಾರೋ ಕೈಯಾಡಿಸಿದ್ದಾರೆ ಎಂಬುದು ವಿಮಲಾ ಅವರ ಅನುಮಾನ. ಆ ಯಾರೋ ಯಾರೆಂದು ನಾನು ಕೇಳಬೇಕಾಗಿರಲಿಲ್ಲ, ಪಕ್ಕದಲ್ಲೇ ಕೂತಿದ್ದಳು.

ನನಗೂ ಆಕೆಯ ಮೇಲೇ ಕಣ್ಣು. ಕರೆಯದಿದ್ದರೂ ನಾನೂ ಬರುತ್ತೇನೆಂದು ಹಟಮಾಡಿ ಬಂದಿದ್ದಳಂತೆ. ತಮ್ಮ ತಪ್ಪು ಹೊರಬೀಳುತ್ತದೋ ಎಂದು ಮಾಲಿನ ಹಿಂದೆಯೇ ಬರುವವರನ್ನು ನಾನು ಕಾರ್ಖಾನೆಯಲ್ಲಿ ಬಹಳ ನೋಡಿದ್ದೆ.

ಮೊದಲು ಚಿನ್ನ. ವಾಚಿನ ಹಿಂದಿನ ಮುಚ್ಚಳ ಸ್ಕ್ರೂ ಇಲ್ಲದ, ಒತ್ತಿ ಕೂರಿಸುವ ಬಗೆಯದು. ಸಂದಿಗೆ ತೆಳ್ಳನೆಯ ಚಾಕು ಹಾಕಿ ಎಬ್ಬಿಸಬೇಕು. ಅದು ಏನು ಮಾಡಿದರೂ ಏಳಲಿಲ್ಲ. ಸಂದಿಯ ಸುತ್ತ ಕೊಳೆ ಗಟ್ಟಿಯಾಗಿ ಕೂತಿತ್ತು. ಒಂದು ಕಡೆ ಕೆರೆದು, ಬೈದುಕೊಂಡೇ ತೆಗೆದೆ. ಮುಚ್ಚಳದ ಒಳಗೆ ಹದಿನೆಂಟು ಕ್ಯಾರೆಟ್‌ನ ಗುರುತು, ಸ್ವಿಸ್ ಸರ್ಕಾರದ ಹೆಣ್ಣಿನ ತಲೆಯ ಪುಟ್ಟ ಮುದ್ರೆ, ಎರಡೂ ಸ್ಪಷ್ಟವಾಗಿದ್ದವು. ಕೇಸ್ ಅಸಲಿ, ಅದರಲ್ಲಿ ಅನುಮಾನವಿಲ್ಲ.

ಆದರೆ ಚಿನ್ನ ಅಸಲಿಯಾದ ಮಾತ್ರಕ್ಕೆ ವಾಚು ಮೂಲದ್ದು ಎನ್ನಲಾಗದು. ಕೇಸ್, ಡಯಲ್, ಮೆಷಿನ್ ಮೂರೂ ಕಾರ್ಖಾನೆಯಿಂದ ಒಟ್ಟಿಗೇ ಹೊರಟಿರಬೇಕು. ಇಲ್ಲಿ ಡಯಲ್ ಮೇಲಿನ ಅಕ್ಷರಗಳ ಅಂಚು ಹರಡಿತ್ತು, ಮತ್ತೆ ಬಣ್ಣ ಹಾಕಿ ಅಚ್ಚು ಹಾಕಿದ್ದರು. ಒಳಗಿದ್ದದ್ದು ನಮ್ಮ ದೇಶದ್ದೇ ಅಗ್ಗದ ಮೆಷಿನ್. ಅಳತೆಗೆ ಚಿಕ್ಕದಾದ್ದರಿಂದ ಸುತ್ತ ಹಿತ್ತಾಳೆಯ ಬಳೆಯೊಂದನ್ನು ಕೂರಿಸಿದ್ದರು. ಎಲ್ಲ ಫಳಫಳ ಹೊಳೆಯುತ್ತಿತ್ತು, ಒಂದು ಚೂರು ಧೂಳಿಲ್ಲ.

ಕಂಡದ್ದನ್ನು ಹೇಳಿದೆ. ವಿಮಲಾ ಮುಂದಕ್ಕೆ ಬಾಗಿ ಕೇಳಿದರು:

"ಯಾವಾಗ ಬದಲಾಯ್ಸಿರ್ಬೋದು ಮೇಡಂ? ಅದೊಂದು ಹೇಳ್ಬಿಡಿ."

ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನನಗೆ ಅಷ್ಟು ಬುದ್ಧಿ ಇರಲಿಲ್ಲ.

"ಹಳೇದಲ್ಲ ಕಣ್ರೀ. ಇತ್ತೀಚೆಗೆ ಬಿಚ್ಚಿರೋ ಹಾಗಿದೆ. ಒಳಗೆ ಧೂಳೇ ಇಲ್ಲ."

ಶಶಿಕಲಾ ನನ್ನತ್ತ ನೋಡಲಿಲ್ಲ. "ಅದನ್ನ ಎಲ್ಲಿಂದ ಬಿಚ್ಚೋದು ಅಂತಾನೂ ನಂಗೊತ್ತಿಲ್ಲ ಅಕ್ಕ," ಎಂದಳು. ಎಲ್ಲರೂ ಹೀಗೇ ಹೇಳುವುದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬರವಣಿಗೆಯ ವರದಿಗೆ ಎರಡು ದಿನ ಕೇಳಿ ವಾಚನ್ನು ಇಟ್ಟುಕೊಂಡೆ. ಹೋಗುವಾಗ ಇಬ್ಬರೂ ಬೇರೆ ಬೇರೆ ಆಟೋ ಹತ್ತಿದರು.

ಮಾರನೆಯ ದಿನ ಬೆಳಿಗ್ಗೆ ವರದಿ ಬರೆಯಲು ಕೂತಾಗ ಟ್ರೇಯ ಬಿಳಿ ಕಾಗದದ ಮೇಲೆ ನಾನು ಕೆರೆದಿದ್ದ ಕೊಳೆ ಹಾಗೇ ಬಿದ್ದಿತ್ತು. ಒರೆಸಲು ಹೋದರೆ ಬೆರಳು ಹಳದಿಯಾಯಿತು. ಲೆನ್ಸ್ ಹಾಕಿ ನೋಡಿದೆ. ಅದು ಕೊಳೆಯಲ್ಲ, ಅರಿಶಿನ ಕುಂಕುಮ. ಮುಚ್ಚಳದ ಅಂಚಿನಲ್ಲಿ ಉಳಿದದ್ದನ್ನು ನೋಡಿದರೆ ಪದರದ ಮೇಲೆ ಪದರ ಕೂತಿತ್ತು. ಅಡಿಯದು ಕಪ್ಪಾಗಿ ಕಲ್ಲಿನಂತಾಗಿತ್ತು, ಮೇಲಿನದು ಇನ್ನೂ ಕೆಂಪಗಿತ್ತು.

ತಕ್ಷಣ ವಿಮಲಾ ಅವರಿಗೆ ಫೋನ್ ಮಾಡಿದೆ. ಅಪ್ಪ ಇದ್ದಾಗ ವಾಚಿಗೆ ಪೂಜೆ ಮಾಡುತ್ತಿದ್ದರೇ ಎಂದು ಕೇಳಿದೆ. ಇಲ್ಲವೇ ಇಲ್ಲ, ಅವರು ಅದನ್ನು ಕೈಯಿಂದ ಬಿಚ್ಚುತ್ತಲೇ ಇರಲಿಲ್ಲ ಎಂದರು. ಅಪ್ಪ ತೀರಿಕೊಂಡು ತಿಂಗಳಾಗುವುದರೊಳಗೆ ಆಯುಧಪೂಜೆ ಬಂದಿತ್ತಂತೆ, ಸೂತಕ ಕಳೆದಿತ್ತು. ಗಿರಣಿ ಮಾರಿಹೋಗಿ ಪೂಜೆಗೆ ಯಂತ್ರಗಳಿರಲಿಲ್ಲ. ಮಾವನವರ ವಾಚಾದರೂ ಇದೆಯಲ್ಲ ಎಂದು ಶಶಿಕಲಾ ಅದಕ್ಕೇ ಅರಿಶಿನ ಕುಂಕುಮ ಹಚ್ಚಿದ್ದಳಂತೆ. ಅಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲವಂತೆ.

ಫೋನ್ ಇಟ್ಟು ಮತ್ತೆ ಲೆನ್ಸ್ ಹಾಕಿಕೊಂಡೆ. ನಡುವೆ ಒಮ್ಮೆ ಮುಚ್ಚಳ ತೆಗೆದಿದ್ದರೂ ಅಡಿಯ ಪದರ ಒಡೆದು, ಪುಡಿ ಮೆಷಿನ್ ಮೇಲೆ ಉದುರಬೇಕಿತ್ತು. ಉದುರಿರಲಿಲ್ಲ. ಒಳಗೆ ಧೂಳಿಲ್ಲದ್ದು ಹೊಸದಾಗಿ ಬಿಚ್ಚಿದ್ದರಿಂದಲ್ಲ. ಆ ಹೆಣ್ಣುಮಗಳು ಹಚ್ಚಿದ ಅರಿಶಿನ ಕುಂಕುಮವೇ ಸಂದಿಯನ್ನು ಮುಚ್ಚಿಬಿಟ್ಟಿತ್ತು. ಹದಿಮೂರು ವರ್ಷದಲ್ಲಿ ಆ ಮುಚ್ಚಳ ತೆಗೆದ ಮೊದಲ ಕೈ ನನ್ನದೇ. ಮೆಷಿನ್ ಬದಲಾದದ್ದು ಗಿರಣಿ ಯಜಮಾನರು ಬದುಕಿದ್ದಾಗಲೇ. ಮೂಲದ ಮೆಷಿನ್ ಕೆಟ್ಟು, ಬಿಡಿಭಾಗ ಸಿಗದೆ, ನಡೆದರೆ ಸಾಕೆಂದು ಅವರೇ ಮಾಡಿಸಿರಬಹುದು, ಅಥವಾ ಯಾರಾದರೂ ಅವರಿಗೇ ಟೋಪಿ ಹಾಕಿರಬಹುದು. ಅದು ನನಗೆ ಗೊತ್ತಿಲ್ಲ.

ಇಬ್ಬರ ಎದುರು ಆಡಿದ ಮಾತನ್ನು ಇಬ್ಬರ ಎದುರೇ ವಾಪಸ್ ತೆಗೆದುಕೊಳ್ಳಬೇಕಿತ್ತು. ವಿಮಲಾ ಅವರನ್ನು ಪುಟ್ಟೇನಹಳ್ಳಿಗೇ ಬರಲು ಹೇಳಿ, ನಾನೂ ಹೆಬ್ಬಾಳದ ಮೇಲೆ ಬಸ್ಸಿನಲ್ಲಿ ಹೋದೆ. ಶಶಿಕಲಾಳ ಮನೆಯ ಊಟದ ಮೇಜಿನ ಮೇಲೆ ವಾಚಿಟ್ಟು, ಲೆನ್ಸ್ ಕೊಟ್ಟು, ಪದರಗಳನ್ನು ಇಬ್ಬರಿಗೂ ತೋರಿಸಿದೆ. ತಪ್ಪು ನನ್ನದೆಂದು ಬಾಯಿಬಿಟ್ಟು ಹೇಳಿದೆ. ವಿಮಲಾ ಅವರ ಮುಖ ಹಗುರಾಯಿತು.

"ಅಪ್ಪನೇ ಮಾಡ್ಸಿರ್ಬೇಕು ಬಿಡು ಶಶಿ. ಮೇಡಂ ನೋಡಿ ಹೇಳಿದ್ರಲ್ಲ, ಈಗ ಸಮಾಧಾನ ಆಯ್ತು."

ಶಶಿಕಲಾ ನನಗೆ ಕಾಫಿ ಕೊಟ್ಟಳು. ಆಮೇಲೆ ವಿಮಲಾ ಅವರ ಕಡೆ ತಿರುಗಿದಳು.

"ಇವ್ರು ನನ್ನ ನೋಡಿದ್ದು ಒಂದೇ ದಿನ ಅಕ್ಕ. ತಪ್ಪು ತಿಳ್ಕೊಂಡ್ರು, ತಿದ್ಕೊಂಡ್ರು. ನೀವು ಇಪ್ಪತ್ತೆರಡು ವರ್ಷದಿಂದ ನೋಡ್ತಿದೀರ. ನಿಮಗೂ ಈ ಲೆನ್ಸ್ ಬೇಕಾಯ್ತಾ?"

ಶಶಿಕಲಾ ವಾಚನ್ನು ಡಬ್ಬಿಗೆ ಹಾಕಿ ವಿಮಲಾ ಅವರ ಕೈಗೆ ಕೊಟ್ಟು, ಮುಂದಿನ ವರ್ಷದಿಂದ ಪೂಜೆ ನೀವೇ ಮಾಡಿ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮ್ಮಿಬ್ಬರಿಗೂ ಸುಲಭವಾಗುತ್ತಿತ್ತು.

ನಾನು ಈಗಲೂ ವಾಚುಗಳ ಮೇಲೆ ಅನುಮಾನಪಡುತ್ತೇನೆ, ಅದು ನನ್ನ ಕೆಲಸ. ಆದರೆ ಯಾವುದು ಬದಲಾಗಿದೆ ಎಂಬಷ್ಟನ್ನೇ ಬರೆದುಕೊಡುತ್ತೇನೆ. ಯಾರು, ಯಾವಾಗ ಎಂದು ಯಾರಾದರೂ ಮುಂದಕ್ಕೆ ಬಾಗಿ ಕೇಳಿದರೆ, ಗೊತ್ತಿಲ್ಲ ಎನ್ನುವುದನ್ನು ನಿವೃತ್ತಿಯಾದ ಮೇಲೆ ಕಲಿತೆ. ಶಶಿಕಲಾಳ ಮಟ್ಟಿಗೆ ನಾನು ಅದನ್ನು ಒಂದು ದಿನ ತಡವಾಗಿ ಕಲಿತೆ.