ವೇಲುವಿನ ಎಡಗಡೆ ಕ್ರ್ಯಾಂಕ್

೧೯೪೩ರಲ್ಲಿ ಹಲಸೂರಿನಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಯುದ್ಧದಿಂದಾಗಿ ಇಂಗ್ಲೆಂಡಿನ ಬಿಡಿಭಾಗಗಳು ಬರುವುದು ನಿಂತೇಹೋಗಿತ್ತು. ಬಂದವರಿಗೆಲ್ಲ "ಯುದ್ಧ ಮುಗೀಲಿ, ಬನ್ನಿ" ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಒಂದು ದಿನ ಬೆಳಗಿನ ಜಾವ ಅಂಗಡಿಯ ಹತ್ತಿರದ ತಿರುವಿನಲ್ಲಿ ಎರಡು ಸೈಕಲ್‌ಗಳು ಎದುರುಬದುರಾಗಿ ಡಿಕ್ಕಿ ಹೊಡೆದವು. ಯುದ್ಧಕಾಲದ ಕಟ್ಟಳೆಯಂತೆ ದೀಪಗಳಿಗೆ ಕಪ್ಪು ಕಾಗದ ಅಂಟಿಸಿದ್ದರು, ಒಬ್ಬನಿಗೊಬ್ಬ ಕಾಣಲಿಲ್ಲ. ಕಾಕ್ಸ್ ಟೌನಿನ ಬೇಕರಿಗೆ ಹೊರಟಿದ್ದ ವೇಲು ತಲೆಗೆ ಪೆಟ್ಟಾಗಿ ಅಲ್ಲೇ ತೀರಿಕೊಂಡ. ಶಿವಾಜಿನಗರದಿಂದ ಪೂರ್ವದ ಕಡೆಯ ಕಾರ್ಖಾನೆಗೆ ಹೊರಟಿದ್ದ ಫಿಟ್ಟರ್ ಮುನಿರಾಜು ಮೊಣಕೈ ತರಚಿಕೊಂಡು ಎದ್ದ. ತಪ್ಪು ಇಬ್ಬರದೂ ಅಲ್ಲ ಎಂದರು ಪೊಲೀಸರು. ಎರಡೂ ಸೈಕಲ್‌ಗಳು ನನ್ನ ಅಂಗಡಿಗೆ ಬಂದವು.

ವೇಲು ನನ್ನ ಹಳೆಯ ಗಿರಾಕಿ. ಬಂದಾಗಲೆಲ್ಲ ಬನ್ನು ತಂದುಕೊಡುತ್ತಿದ್ದ. ಆದರೂ ಅವನ ಸೈಕಲ್ ಮುಂದೆ ಕೂತಾಗ ನನಗೆ ಅಳು ಬರಲಿಲ್ಲ. ಏನೂ ಅನಿಸಲೇ ಇಲ್ಲ. ಕೈ ತನ್ನ ಪಾಡಿಗೆ ಸ್ಪ್ಯಾನರ್ ಹಿಡಿದಿತ್ತು.

ಅವನ ಸೈಕಲ್ಲಿನ ಮುಂದಿನ ಚಕ್ರ, ಫೋರ್ಕ್ ಎರಡೂ ಹೋಗಿದ್ದವು. ಮುನಿರಾಜುವಿನದು ಎಡಕ್ಕೆ ಬಿದ್ದು, ಎಡಗಡೆಯ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ಕಬ್ಬಿಣದ ತೋಳು, ಕಲ್ಲಿಗೆ ಬಡಿದಿತ್ತು. ಬರೀ ಬಾಗಿದ್ದರೆ ನೆಟ್ಟಗೆ ಮಾಡಬಹುದು. ಇದು ಪೆಡಲ್ ತಿರುಪಿನ ಹತ್ತಿರ ಸೀಳಿತ್ತು. ಸೀಳಿದ್ದನ್ನು ಕಟ್ಟಿಕೊಡುವವನು ಮೆಕ್ಯಾನಿಕ್ಕೇ ಅಲ್ಲ.

"ಟೈಮಿಗೆ ಹೋಗ್ದಿದ್ರೆ ಕೆಲ್ಸದಿಂದ ತೆಗ್ದಾಕ್ತಾರೆ ಮೇಸ್ತ್ರಿ" ಎಂದ ಮುನಿರಾಜು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ.

ಇಡೀ ದಂಡು ಪ್ರದೇಶ ಸುತ್ತಿದರೂ ಆ ಅಳತೆಯ ಎಡಗಡೆ ಕ್ರ್ಯಾಂಕ್ ಸಿಗಲಿಲ್ಲ. ಒಂದೇ ಒಂದಿತ್ತು, ವೇಲುವಿನದು. ಅವನ ತಾಯಿ ಕುಪ್ಪಮ್ಮನ ಮನೆಗೆ ಹೋಗಿ, ಯಾರಿಗೆ ಬೇಕು ಎಂಬುದನ್ನೂ ಮುಚ್ಚಿಡದೆ ಕೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಎತ್ಕೊಳಿ ಮೇಸ್ತ್ರಿ. ನಾನಿಟ್ಕೊಂಡ್ ಏನ್ ಮಾಡ್ಲಿ?"

ಕ್ರ್ಯಾಂಕನ್ನು ಪೆಡಲ್ ಸಮೇತ ಮುನಿರಾಜುವಿನ ಸೈಕಲ್ಲಿಗೆ ಹಾಕಿದೆ. ಅದನ್ನು ನಡುವಿನ ಅಚ್ಚಿಗೆ ಬಿಗಿಯುವುದು ಕಾಟರ್ ಪಿನ್ ಎಂಬ ಓರೆ ಮೊಳೆ. ಹೊಸ ಪಿನ್ನನ್ನು ಎಷ್ಟೇ ಬಡಿದು ಕೂರಿಸಿದರೂ, ಸವಾರ ಮೂರು ನಾಲ್ಕು ದಿನ ತುಳಿದ ಮೇಲೆ ಅದು ಇನ್ನಷ್ಟು ಒಳಗೆ ಇಳಿದು ನಟ್ಟು ಸಡಿಲವಾಗುತ್ತದೆ. ಆಗ ಮತ್ತೆ ಬಿಗಿಯಬೇಕು. ಮುಂದಿನ ವಾರ ಬಾ ಎಂದು ಹೇಳಿ ಕಳಿಸಿದೆ.

ಹೇಳಿದಂತೆ ಬಂದ. ನಟ್ಟಿಗೆ ಸ್ಪ್ಯಾನರ್ ಹಾಕಿದೆ. ಕೂದಲೆಳೆಯಷ್ಟೂ ಕದಲಲಿಲ್ಲ, ನಾನು ಬಿಗಿದಿದ್ದ ಹಾಗೇ ಇತ್ತು.

"ಹತ್ತೇ ಇಲ್ಲ ಅಲ್ವೇನಪ್ಪ ನೀನು?"

"ತಳ್ಕೊಂಡೇ ಹೋಗ್ತಿದೀನಿ" ಎಂದು ನೆಲ ನೋಡಿದ. "ಅವ್ನು ಕಾಲಿಟ್ಟಿದ್ ಜಾಗ. ನನ್ ಕಾಲು ಏಳಲ್ಲ ಮೇಸ್ತ್ರಿ. ಇನ್ನೊಂದ್ಸಲ ಲೇಟಾದ್ರೆ ಬರೋದೇ ಬೇಡ ಅಂದಿದಾರೆ."

ಸ್ಪ್ಯಾನರ್ ಒರೆಸಿ ಪೆಟ್ಟಿಗೆಗೆ ಹಾಕಿದೆ. ಅವನು ಸೈಕಲ್ ತಳ್ಳಿಕೊಂಡು ಹೋಗುವುದನ್ನು ನೋಡುತ್ತ ನಿಂತೆ.

ಮಾರನೆಯ ವಾರ ಮತ್ತೆ ಬಂದ. ಬಂದದ್ದು ಸೈಕಲ್ ಮೇಲೆ. ಪೆಡಲ್ ಸುತ್ತಿದಾಗಲೆಲ್ಲ ಎಡಗಡೆಯಿಂದ ಕಟಕ್ ಎನ್ನುವ ಸದ್ದು ಬರುತ್ತಿತ್ತು. ಏನಾಯಿತು ಎಂದು ಕೇಳಿದೆ.

ಹಿಂದಿನ ಸಲ ನನ್ನಲ್ಲಿಂದ ಹೋದ ಮಾರನೆಯ ಬೆಳಿಗ್ಗೆ, ಕಾರ್ಖಾನೆಯ ದಾರಿಯಲ್ಲೇ ಇರುವ ಕುಪ್ಪಮ್ಮನ ಮನೆಯ ಮುಂದೆ ತಳ್ಳಿಕೊಂಡು ಹೋಗುತ್ತಿದ್ದನಂತೆ. ಆಕೆ ಬಾಗಿಲಲ್ಲಿ ನೀರು ಹಾಕುತ್ತಿದ್ದವಳು ಕರೆದು ಕೇಳಿದಳಂತೆ: "ದಿನಾ ನೋಡ್ತಿದೀನಿ, ಯಾಕಪ್ಪಾ ತಳ್ತೀಯ? ನನ್ ಮಗಂದು ಸರಿ ಇರ್ಲಿಲ್ವಾ?"

"ಏನಂದೆ?" ಎಂದೆ.

"ಏನನ್ಲಿ? ಆಯಮ್ಮನ ಎದುರಿಗೇ ಹತ್ತಿ ತುಳ್ದೆ."

ಪಿನ್ನು ಒಳಗೆ ಇಳಿದಿತ್ತು, ನಟ್ಟು ಸಡಿಲವಾಗಿತ್ತು. ಬಿಗಿದುಕೊಟ್ಟೆ. ಅವನು ಹೋದ ಮೇಲೆ ಸ್ಪ್ಯಾನರ್ ಕೆಳಗಿಟ್ಟು, ವೇಲು ಸತ್ತ ಮೇಲೆ ಮೊದಲ ಸಲ ಅತ್ತೆ.

ಸ್ಟ್ಯಾಂಡಿನ ಮೇಲೆ ಎಲ್ಲ ಸೈಕಲ್ಲೂ ಚೆನ್ನಾಗಿಯೇ ತಿರುಗುತ್ತದೆ. ಅಂಗಡಿ ಮುಚ್ಚುವ ದಿನದವರೆಗೂ, ಗಿರಾಕಿ ತುಳಿದುಕೊಂಡು ವಾಪಸ್ ಬರುವ ಮುಂಚೆ ನಾನು ಯಾವ ಸೈಕಲ್ಲನ್ನೂ ರಿಪೇರಿಯಾಯಿತು ಎಂದು ಹೇಳಲಿಲ್ಲ.