ಕೂಸಿಗೆ ಕುಟ್ಟಿದ್ದು

ನನ್ನ ಗಂಡನ ಮನೆಯಲ್ಲಿ ಹೊಡೆಯುವುದಕ್ಕೆ ಯಾರೂ ಎದ್ದು ಹೋಗುತ್ತಿರಲಿಲ್ಲ. ಕೂತಲ್ಲೇ, ಕೈಗೆ ಸಿಕ್ಕಿದ್ದರಲ್ಲೇ ಬಾರಿಸುತ್ತಿದ್ದರು. ಅತ್ತೆಯ ಕೈಗೆ ಮುದ್ದೆ ಕೋಲು, ಗಂಡನ ಕೈಗೆ ಬಾರುಕೋಲು. ಎತ್ತಿಗೂ ಅದೇ, ನಾಯಿಗೂ ಅದೇ, ನನಗೂ ಅದೇ. ಭಾವನ ಹೆಂಡತಿ, ನನ್ನ ಓರಗಿತ್ತಿ, ಮಕ್ಕಳಾಗದ ತಪ್ಪಿಗೆ ಏಟು ತಿನ್ನುತ್ತಿದ್ದಳು. ನಾನು ಬಾಯಿ ಇದ್ದ ತಪ್ಪಿಗೆ ತಿನ್ನುತ್ತಿದ್ದೆ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ನನ್ನ ಎಡ ದವಡೆಯಲ್ಲಿ ಇವತ್ತಿಗೂ ಒಂದು ಹಲ್ಲಿಲ್ಲ.

ಮನೆ ಇದ್ದದ್ದು ಚಳ್ಳಕೆರೆಯಲ್ಲಿ. ಹೊಲವಿತ್ತು, ಕುರಿಮಂದೆಯಿತ್ತು, ಉಣ್ಣುವುದಕ್ಕೆ ಕೊರತೆಯಿರಲಿಲ್ಲ. ಪ್ಲೇಗು ಬಂದು ಹೋದ ಮರುವರ್ಷ ನನ್ನನ್ನು ಮೊಳಕಾಲ್ಮೂರಿನಿಂದ ಎತ್ತಿನ ಗಾಡಿಯಲ್ಲಿ ತಂದು ಅಲ್ಲಿ ಇಳಿಸಿದರು. ನಮ್ಮಪ್ಪ ರೇಷ್ಮೆ ಮಗ್ಗದವನು. ತವರಿನಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಎಷ್ಟೋ ಸಲ ಒಂದೇ ಮಾತಿನಲ್ಲಿ ಎರಡೂ. ಅತ್ತೆ ದಾವಣಗೆರೆಯ ಆಚೆಯವಳು. ಯಾರಾದರೂ ತೆಲುಗು ಆಡಿದರೆ ತನ್ನನ್ನೇ ಬೈಯುತ್ತಿದ್ದಾರೆ ಎಂದು ತಿಳಿಯುತ್ತಿದ್ದಳು. ನಾನು ಒಮ್ಮೊಮ್ಮೆ ನಿಜವಾಗಿಯೂ ಬೈಯುತ್ತಿದ್ದೆ.

ಮೊದಲ ಸಲ ಬಸಿರಾದಾಗ ಹೊಟ್ಟೆ ಆಗಷ್ಟೇ ಕಾಣುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗಂಡ ಗಂಗಾಳ ಎಸೆದ. ನೀರು ಬೆರೆಸಿಕೊಳ್ಳಿ ಅಂದೆ. ಎದ್ದು ಬಂದು ಒದ್ದ. ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಹೊಟ್ಟೆ ಅಡಿಯಾಗಿ ಬಿದ್ದೆ. ಮಾರನೆಯ ದಿನ ಎಲ್ಲ ಹೋಯಿತು. ಅತ್ತೆ ಬಂದವರಿಗೆಲ್ಲ "ದೃಷ್ಟಿ ಆಗೈತೆ ಕಣ್ರವ್ವ" ಎಂದು ಹೇಳಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಒದ್ದದ್ದನ್ನು ಅವಳೂ ನೋಡಿದ್ದಳು, ಒಲೆಯ ಮುಂದೆ ಕೂತಿದ್ದ ಓರಗಿತ್ತಿಯೂ ನೋಡಿದ್ದಳು. ನೋಡಿ ಒಲೆ ಊದುತ್ತಾ ಕೂತಿದ್ದಳು. ಅವನನ್ನು ಕೊಂದುಬಿಡಬೇಕು ಅನ್ನಿಸಿತು ನನಗೆ. ಹಾಗೇ ಅನ್ನಿಸಿತು, ಸುತ್ತಿ ಬಳಸಿ ಹೇಳುವುದೇನಿದೆ.

ಎರಡನೆಯ ಸಲ ಬಸಿರು ನಿಂತಾಗ ಒಂದು ಹಟ ಹುಟ್ಟಿತು. ಈ ಕೂಸು ಉಳಿಯಬೇಕು, ಅದಕ್ಕೆ ನನ್ನ ಕೈಯಾರೆ ಒಂದು ಹೊದಿಕೆ ಮಾಡಬೇಕು. ಚಳ್ಳಕೆರೆಯಲ್ಲಿ ಕಂಬಳಿಗೇನು ಬರವೇ? ಆದರೆ ಆ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿರುತ್ತಾರೆ. ಮಳೆ ತಡೆಯುತ್ತದೆ ಸರಿ, ಎಳೆಯ ಮೈಗೆ ಹೊದಿಸಿದರೆ ತೊಗಲು ಕೀಳುತ್ತದೆ. ನಮ್ಮ ಮಂದೆ ಕಾಯುವ ಮುದುಕನನ್ನು ಕಾಡಿ ಬೇಡಿ ಮರಿಗಳ ಮೊದಲ ತುಪ್ಪಟ ಇಸಿದುಕೊಂಡೆ. ಬೆಣ್ಣೆಯ ಹಾಗಿತ್ತು. ಕರಿಯದು ಒಂದು ಉಂಡೆ, ಬಿಳಿಯದು ಒಂದು ಉಂಡೆ, ಕದಿರಿನಲ್ಲಿ ನಾನೇ ನೂತೆ.

ನನ್ನಲ್ಲಿ ಒಂದು ಉಕ್ಕಿನ ಕೊಕ್ಕೆ ಕಡ್ಡಿಯಿತ್ತು. ಚಿಕ್ಕವಳಿದ್ದಾಗ ದುರ್ಗದ ಕಡೆಯಿಂದ ಗಾಡಿಯಲ್ಲಿ ಬರುತ್ತಿದ್ದ ದೊರೆಸಾನಿಯೊಬ್ಬಳು ನಮ್ಮೂರಿನ ಹುಡುಗಿಯರನ್ನು ಹುಣಸೆ ಮರದ ಕೆಳಗೆ ಕೂರಿಸಿ ಅಕ್ಷರ ಕಲಿಸುತ್ತಿದ್ದಳು, ಅದರ ಜೊತೆಗೆ ಕೊಕ್ಕೆಯಲ್ಲಿ ನೂಲು ಹೆಣೆಯುವುದನ್ನೂ ಕಲಿಸಿದಳು. ಸಾಲು ಸಾಲಾಗಿ ಏರಿ ಇಳಿಯುವ ಒಂದು ಹೆಣಿಗೆಗೆ ಅವಳು ಏನೋ ಇಂಗ್ಲಿಷ್ ಹೆಸರು ಹೇಳುತ್ತಿದ್ದಳು, ನಮ್ಮ ನಾಲಗೆಗೆ ಹತ್ತಲಿಲ್ಲ. ಅವ್ವ ನೋಡಿ "ಗುಡ್ಡ ಹಳ್ಳ" ಅಂದಳು. ಅದೇ ನಿಂತಿತು. ಗುಡ್ಡದ ತುದಿಯಲ್ಲಿ ಒಂದೇ ಕಣ್ಣಿಗೆ, ಅಂದರೆ ನೂಲಿನ ಕುಣಿಕೆಗೆ, ಮೂರು ಸಲ ಕೊಕ್ಕೆ ಹಾಕಿ ಹೆಚ್ಚಿಸಬೇಕು, ಹೆಚ್ಚಿಸಿದ್ದನ್ನು ಹಳ್ಳದ ತಳದಲ್ಲಿ ಕಣ್ಣು ಬಿಟ್ಟು ಇಳಿಸಬೇಕು. ಇಳಿಸುವುದು ಮರೆತರೆ ಹೊದಿಕೆ ಬೀಸಣಿಗೆಯಂತೆ ಅಗಲವಾಗುತ್ತಾ ಹೋಗುತ್ತದೆ.

ಮಧ್ಯಾಹ್ನ ಅತ್ತೆ ಒರಗಿದ ಮೇಲೆ ಕೊಟ್ಟಿಗೆಯಲ್ಲಿ ಕೂತು ಹೆಣೆಯುತ್ತಿದ್ದೆ. ಮುಚ್ಚಿಟ್ಟುಕೊಳ್ಳಲು ಕಾರಣವಿತ್ತು. ಹುಟ್ಟದ ಕೂಸಿಗೆ ಏನನ್ನೂ ಮಾಡಿಡಬಾರದು, ಯಮನಿಗೆ ಸುಳಿವು ಕೊಟ್ಟಂತೆ ಎನ್ನುವ ಮನೆ ಅದು. ಕರಿ ಸಾಲು, ಬಿಳಿ ಸಾಲು, ಮತ್ತೆ ಕರಿ ಸಾಲು. ನನ್ನ ಮಂಡಿ ಮುಚ್ಚುವಷ್ಟಾಗಿತ್ತು. ಆ ಹೊತ್ತಿಗೆ ಮಾತ್ರ ನನಗೆ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ.

ಒಂದು ದಿನ ಅತ್ತೆ ನಿದ್ದೆ ಬಾರದೆ ಎದ್ದು ಬಂದಳು. ನಾನು ಹೊಟ್ಟೆಯ ಮೇಲೆ ಹೆಣಿಗೆ ಹರವಿಕೊಂಡು, ಎದುರಿಗೆ ಕಡ್ಡಿ ಹಿಡಿದು ಕೂತಿದ್ದೆ.

"ಏನೇ ಮಾಡ್ತಿದೀಯ ಕಡ್ಡಿ ಹಿಡ್ಕಂಡು?"

ಬೆಚ್ಚಿಬಿದ್ದಾಗ ಬಾಯಿಗೆ ತವರಿನ ಮಾತೇ ಬರುತ್ತದೆ. "ಕೂಸಿಗೆ ಕುಟ್ತಾ ಇದೀನಿ ಅತ್ತೆ" ಅಂದೆ.

ನಮ್ಮ ಕಡೆ ಸೂಜಿ ನೂಲಿನ ಯಾವ ಕೆಲಸಕ್ಕೂ ಕುಟ್ಟುವುದು ಎಂದೇ ಮಾತು. ತೆಲುಗಿನದು, ನಮ್ಮ ಕನ್ನಡದೊಳಗೆ ಕೂತುಬಿಟ್ಟಿತ್ತು. ಹರಿದ ರವಿಕೆಯನ್ನೂ ಕುಟ್ಟುತ್ತೇವೆ, ಮಕ್ಕಳ ಕಿವಿ ಚುಚ್ಚಿಸುವುದಕ್ಕೂ ಕುಟ್ಟಿಸುವುದು ಅನ್ನುತ್ತೇವೆ. ಅತ್ತೆಗೆ ಗೊತ್ತಿದ್ದದ್ದು ಒಂದೇ ಕುಟ್ಟುವುದು: ಭತ್ತ ಕುಟ್ಟುವುದು, ಖಾರ ಕುಟ್ಟುವುದು, ಸೊಸೆಯನ್ನು ಕುಟ್ಟುವುದು. ಸಾಲದ್ದಕ್ಕೆ ಬೇಡದ ಬಸಿರಿಗೆ ಕಡ್ಡಿ ಹಾಕಿ ಇಳಿಸುವ ಮುದುಕಿಯರು ಆ ಕಾಲದಲ್ಲಿ ಊರೂರಿಗೂ ಇದ್ದರು. ಹೊಟ್ಟೆಯ ಮುಂದೆ ಉಕ್ಕಿನ ಕಡ್ಡಿ, ಬಾಯಲ್ಲಿ ಆ ಮಾತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ಅವಳು, ಇಷ್ಟು ಸಾಕಾಯಿತು.

"ಅಯ್ಯೋ ಪಾಪಿ, ಕೂಸಿಗೆ ಕುಟ್ತೀಯೇನೇ! ಹೊಟ್ಟೆಗೆ ಕಡ್ಡಿ ಚುಚ್ಕಂತೀಯೇನೇ!" ಎಂದು ಕೆನ್ನೆಗೆ ಬಿಗಿದಳು. ಕಡ್ಡಿ ಕಿತ್ತುಕೊಂಡಳು. ಹೊದಿಕೆ ಅಂತ ನಾನು ಕೂಗಿ ಹೇಳಿದ ಮೇಲೆ ಅದನ್ನು ನೋಡಿದಳು, ನೋಡಿ ಇನ್ನೊಂದು ಕೆನ್ನೆಗೂ ಬಿಗಿದಳು. "ಕೂಸು ಹುಟ್ಟೋಕ್ ಮುಂಚೆ ಕುಲಾವಿ! ಯಾರ್ ಕಣ್ಣಿಗೆ ಮಣ್ಣೆರಚ್ತೀಯ?" ತುದಿಯ ಎಳೆ ಹಿಡಿದು ಎಳೆದಳು. ಕೊಕ್ಕೆಯ ಹೆಣಿಗೆಗೆ ಅದೊಂದು ಶಾಪ, ಕೊನೆಯ ಎಳೆ ಸಿಕ್ಕರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಗುಡ್ಡಗಳೆಲ್ಲ ಒಂದರ ಹಿಂದೆ ಒಂದು ಸರಸರನೆ ಕುಸಿದು ಸಗಣಿಯ ಮೇಲೆ ಬಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಅವಳ ಜುಟ್ಟಿಗೆ ಕೈ ಹಾಕಿದೆ. ಓರಗಿತ್ತಿ ಬಂದು ಬಿಡಿಸಿದಳು.

ಸಂಜೆ ಗಂಡ ಬಂದ. ಅವನಿಗೆ ವಿಷಯ ಹೇಳಿದಾಗ ಅವನ ಮುಖದಲ್ಲಿ ನಾನು ಕಂಡದ್ದು ಸಿಟ್ಟಲ್ಲ, ನೆಮ್ಮದಿ. "ಹಂಗಾರೆ ಮೊದಲ್ನೇದೂ ಇವಳೇ ತೆಗ್ದಿರ್ತಾಳೆ ಬಿಡವ್ವ" ಅಂದ. ತನ್ನ ಕಾಲಿನ ಪಾಪ ಅಷ್ಟು ಸಲೀಸಾಗಿ ನನ್ನ ಕೈಗೆ ದಾಟಿಸಿದ. ಆಮೇಲೆ ಬಾರುಕೋಲು ತೆಗೆದುಕೊಂಡು ಕಾಲಿಗೆ, ತೋಳಿಗೆ, ಬೆನ್ನಿಗೆ ಹೊಡೆದ. "ಹೊಟ್ಟೆ ಕಡೆ ಬ್ಯಾಡ ಕಣೋ, ಒಳಗಿರೋದು ನಮ್ದು" ಎಂದು ಅತ್ತೆ ಪಕ್ಕದಲ್ಲೇ ನಿಂತು ಎಚ್ಚರಿಸುತ್ತಿದ್ದಳು. ಅದು ನಿಮ್ಮದಾದರೆ ನಾನು ಯಾರದು ಎಂದು ಕೇಳಿದೆ. ಅದಕ್ಕೂ ಒಂದು ಬಿತ್ತು.

ಮನೆಯಲ್ಲಿ ತೀರ್ಮಾನವಾಯಿತು. ಹೆತ್ತ ಮೇಲೆ ಕೂಸು ಓರಗಿತ್ತಿಯದು, ತೊಟ್ಟಿಲಿಗೆ ಹಾಕುವವಳು ಅವಳೇ. ಹಾಲು ಬಿಡಿಸಿದ ಕೂಡಲೇ ನನ್ನನ್ನು ತವರಿಗೆ ಅಟ್ಟುವುದು. ಕೂಸು ಎತ್ತಿಕೊಂಡರೆ ಕೂಸಾಗುತ್ತದೆ ಎಂಬ ನಂಬಿಕೆ ಬೇರೆ ಇತ್ತಲ್ಲ, ಓರಗಿತ್ತಿಯ ಕಣ್ಣು ಹೊಳೆದವು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದು ವಾಡಿಕೆ. ನನ್ನನ್ನು ಕಳಿಸಲಿಲ್ಲ, ಗಾಡಿಯ ಕುಲುಕಾಟ ಆಗದು ಎಂದು ಅವ್ವನಿಗೆ ಹೇಳಿಕಳಿಸಿದರು. ಕಡ್ಡಿಯನ್ನು ಅತ್ತೆ ನಡುಮನೆಯ ಜಂತಿಗೆ ಸಿಕ್ಕಿಸಿ, ಬಂದ ಹೆಂಗಸರಿಗೆಲ್ಲ ತೋರಿಸುತ್ತಿದ್ದಳು. ನಾನು ಹೊದಿಕೆ, ಹೊಲಿಗೆ ಎಂದು ಬಾಯಿ ಬಡಿದುಕೊಂಡರೆ "ಸಿಕ್ ಬಿದ್ಮೇಲೆ ಮಾತು ತಿರುಗಿಸ್ತಾಳೆ" ಅನ್ನುತ್ತಿದ್ದಳು. ಸಗಣಿ ತೊಳೆದು ಆ ಉಣ್ಣೆಯನ್ನು ಉಂಡೆ ಮಾಡಿ ನಾನು ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಬಚ್ಚಿಟ್ಟೆ.

ಹೆಣ್ಣು ಹುಟ್ಟಿತು. ಸೂಲಗಿತ್ತಿಯ ಕೈಯಿಂದ ಅತ್ತೆಯ ಕೈಗೆ, ಅತ್ತೆಯ ಕೈಯಿಂದ ಓರಗಿತ್ತಿಯ ಮಡಿಲಿಗೆ. ಹಾಲಿಗೆ ಮಾತ್ರ ನನ್ನ ಹತ್ತಿರ ತರುತ್ತಿದ್ದರು. ಪ್ರತಿ ಸಲವೂ ಅತ್ತೆ ನನ್ನ ಎರಡೂ ಅಂಗೈ ಬಿಡಿಸಿ ನೋಡಿ, ಸೆರಗು ಕೊಡವಿಸಿ, ಆಮೇಲೆ ಕೊಡುತ್ತಿದ್ದಳು. ಹೊಡೆತವೆಲ್ಲ ಮರೆತರೂ ಮರೆತೇನು, ಆ ಅಂಗೈ ಬಿಡಿಸುವುದನ್ನು ಸತ್ತರೂ ಮರೆಯಲಾರೆ.

ತೊಟ್ಟಿಲಿಗೆ ಹಾಕುವ ದಿನ ಬೀದಿಯ ಹೆಂಗಸರೆಲ್ಲ ಬಂದು ಕೂತಿದ್ದರು. ಓರಗಿತ್ತಿ ಹೊಸ ಸೀರೆಯುಟ್ಟು ಕೂಸನ್ನು ಎತ್ತಿಕೊಂಡಿದ್ದಳು. ನಾನು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಆಗ ಅವ್ವ ಬಂದಳು. ಗಾಡಿ ಇಳಿದು, ಧೂಳು ಮೈಯಲ್ಲೇ ಒಳಗೆ ಬಂದು, ಹೆಗಲ ಗಂಟು ಇಳಿಸಿದಳು. ಮೊಮ್ಮಗಳನ್ನು ನೋಡಿದಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದರು. ಅವ್ವ ನನ್ನ ಕಡೆ ತಿರುಗಿ, ಇಡೀ ಮನೆಗೆ ಕೇಳುವ ಹಾಗೆ ಕೇಳಿದಳು:

"ಏನೇ, ಕೂಸಿಗೆ ನೀನು ಏನೂ ಕುಟ್ಲಿಲ್ವೇನೇ?"

ಅವ್ವನಿಗೆ ಯಾರೂ ಏನೂ ಹೇಳಿರಲಿಲ್ಲ, ಅವಳಿಗೆ ಏನೂ ತಿಳಿಯದು. ಅತ್ತೆ ಚಪ್ಪಾಳೆ ತಟ್ಟಿಕೊಂಡು ಎದ್ದಳು. "ಕೇಳಿದ್ರೇನ್ರವ್ವ! ತಾಯಿನೇ ಕೇಳ್ತಾಳೆ ಕುಟ್ಲಿಲ್ವಾ ಅಂತ! ಎಂಥಾ ಸಂತಾನ ನೋಡ್ರಿ!" ಜಂತಿಯಿಂದ ಕಡ್ಡಿ ಕಿತ್ತು ಅವ್ವನ ಮುಂದೆ ಬಿಸಾಡಿದಳು. "ತಗ, ಇದ್ರಾಗೇ ಕುಟ್ಕಂತಿದ್ಲು ನಿನ್ನ ಮಗಳು!"

"ಹೌದಲ್ಲ, ಇದ್ರಾಗೇ ಕುಟ್ಟೋದು" ಅಂದಳು ಅವ್ವ, ಕಡ್ಡಿ ಎತ್ತಿಕೊಂಡು. "ದೊರೆಸಾನಿ ಕೊಟ್ಟಿದ್ದಲ್ವಾ? ಇವಳು ಕುಟ್ಟಿರ್ತಾಳೋ ಇಲ್ವೋ ಅಂತ ನಾನೇ ಒಂದು ಕುಟ್ಟಿ ತಂದೀನಿ, ನೋಡ್ರಿ." ಗಂಟು ಬಿಚ್ಚಿ ಒಂದು ಕುಲಾವಿ ತೆಗೆದಳು. ಅಪ್ಪನ ಮಗ್ಗದ ಚೂರು ರೇಷ್ಮೆ, ಕೆಂಪು, ಸುತ್ತಲೂ ಸಣ್ಣ ಹೊಲಿಗೆ.

ಮೊದಲು ನಕ್ಕವಳು ಎದುರುಮನೆಯ ಅಜ್ಜಿ. ಅವಳ ತಾಯಿ ರಾಯದುರ್ಗದವಳಂತೆ. "ಅಯ್ಯೋ, ಹೊಲಿಯೋದಕ್ಕೆ ಅವರ ಕಡೆ ಹಂಗಂತಾರೆ ಕಣ್ರೇ! ಕುಟ್ಟೋದಂದ್ರೆ ಹೊಲಿಯೋದು!" ನಗು ಬಾಯಿಂದ ಬಾಯಿಗೆ ಹತ್ತಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕುಲುಕಿದರು. ಅತ್ತೆಯ ಮುಖ ಸುಟ್ಟ ಬದನೆಕಾಯಿಯಾಯಿತು. ಜಗಲಿಯಲ್ಲಿ ಕೂತಿದ್ದ ಗಂಡ ನಗು ಕೇಳಿ ಒಳಗೆ ಬಂದು ನಿಂತ. ನಾನು ನಗಲಿಲ್ಲ.

ಅಜ್ಜಿಯೇ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು. "ಹಂಗಾರೆ ಮೊದಲ್ನೇ ಬಸಿರು ಹೆಂಗೆ ಹೋಯ್ತೇ?"

ಅವ್ವನ ಕೈಯಿಂದ ಕಡ್ಡಿ ತೆಗೆದುಕೊಂಡೆ. "ಅಲ್ಲಿ ನಿಂತವನಲ್ಲ, ಅವನ ಕಾಲ್ನ ಕೇಳ್ರಿ" ಅಂದೆ.

ಅವನು ಹೆಂಗಸರನ್ನು ತುಳಿದುಕೊಂಡೇ ಬಂದ. ಅಡ್ಡ ಬಂದ ಅವ್ವನನ್ನು ಕುತ್ತಿಗೆ ಹಿಡಿದು ತಳ್ಳಿದ, ಅವಳ ಹಣೆ ತೊಟ್ಟಿಲ ಮೂಲೆಗೆ ಬಡಿದು ರಕ್ತ ಬಂತು. ಕೂತಿದ್ದ ನನ್ನ ಕಡೆ ಕಾಲೆತ್ತಿದ. ಅದೇ ಕಾಲು. ನಾನು ಎರಡೂ ಕೈಯಲ್ಲಿ ಕಡ್ಡಿ ಹಿಡಿದು ಅವನ ಮೀನಖಂಡಕ್ಕೆ ಇಳಿಸಿದೆ. ಕೊಕ್ಕೆ ಒಳಗೆ ಹೋಗುವುದು ಸುಲಭ, ಬರಿಗೈಯಲ್ಲಿ ಹೊರಗೆ ಬರುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ತಿರುಗಿಸಿ ಎಳೆದೆ. ಎತ್ತು ಕೂಗಿದಂತೆ ಕೂಗಿ ಬಿದ್ದ. ಹಣತೆ ಉರುಳಿತು, ಅಕ್ಕಿ ಚೆಲ್ಲಿತು, ಚೆಲ್ಲಿದ ಅಕ್ಕಿ ಕೆಂಪಾಯಿತು. ನನಗೆ ಭಯವಾಗಲಿಲ್ಲ. ಖುಷಿಯಾಯಿತು.

"ಕೊಲೆ! ಹಿಡೀರೇ ಅವಳ್ನ!" ಎಂದು ಅತ್ತೆ ಅರಚಿದಳು. ಹಿಡಿಯಲು ನಾಲ್ಕು ಕೈ ಮುಂದೆ ಬಂದವು. ಆಗ ಓರಗಿತ್ತಿ ಎದ್ದು ನಿಂತಳು, ಕೂಸು ಅವಳ ಎದೆಗೆ ಅಂಟಿಕೊಂಡಿತ್ತು.

"ಒದ್ದಿದ್ದು ನಾನು ಕಣ್ಣಾರೆ ಕಂಡೀನಿ" ಅಂದಳು. "ಅತ್ತೆನೂ ಕಂಡವ್ಳೆ."

ಆ ಮಾತು ಆಡಿದರೆ ಮಡಿಲು ಬರಿದಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಡೆದು ಬಂದು ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ನನ್ನ ಅಂಗೈ ರಕ್ತವಾಗಿತ್ತು. ಅವಳು ನೋಡಲಿಲ್ಲ.

ಮುಂದೆ ಬಂದ ಕೈಗಳು ಹಿಂದಕ್ಕೆ ಹೋದವು. ಅವ್ವ ಹಣೆಗೆ ಸೆರಗು ಒತ್ತಿಕೊಂಡು "ಪದವೇ" ಅಂದಳು. ನಡಿಯೇ ಎಂದು. ವಾಡೆಯ ಹಿಂದಿನ ಉಣ್ಣೆಯನ್ನು ಎತ್ತಿಕೊಂಡು, ಕುಂಟುತ್ತಾ ಬೈಯುತ್ತಿದ್ದವನ ಮುಂದೆಯೇ ಗಾಡಿ ಹತ್ತಿದೆವು. ಅವತ್ತು ನಾವು ಊರು ದಾಟುವ ಮೊದಲೇ ಓರಗಿತ್ತಿಗೆ ಭಾವ ಹೊಡೆದು ಅವಳ ತೋಳು ಮುರಿದನೆಂದು ಆಮೇಲೆ ತಿಳಿಯಿತು. ಅವಳನ್ನೂ ಗಾಡಿಗೆ ಹತ್ತಿಸಿಕೊಳ್ಳಬೇಕಿತ್ತು.

ಮೊಳಕಾಲ್ಮೂರಿನಲ್ಲಿ ಅದೇ ಕಡ್ಡಿಯನ್ನು ಬೂದಿ ಹಾಕಿ ತೊಳೆದು, ಅದೇ ಉಣ್ಣೆಯಲ್ಲಿ ಮತ್ತೆ ಗುಡ್ಡ ಹಳ್ಳ ಹೆಣೆದೆ. ಬಿಚ್ಚಿದ ಎಳೆ ಹಳೆಯ ಸುರುಳಿ ಮರೆಯುವುದಿಲ್ಲ, ಎಷ್ಟು ಎಳೆದರೂ ಗುಂಗುರು ಗುಂಗುರಾಗಿಯೇ ಬರುತ್ತದೆ. ಅಂಚಿಗೆ ಅಪ್ಪ ಕೆಂಪು ರೇಷ್ಮೆ ಕೊಟ್ಟ. ಮಗಳು ಅದನ್ನು ಹೊದ್ದು, ಎಳೆದಾಡಿ, ಅದರ ಮೇಲೆ ಉಚ್ಚೆ ಹೊಯ್ದು ಬೆಳೆದಳು.

ದೊಡ್ಡವಳಾದ ಮೇಲೆ ಒಂದು ದಿನ ಬೀದಿಯಿಂದ ಏನೋ ಕೇಳಿಕೊಂಡು ಬಂದು, "ಅವ್ವಾ, ಅಪ್ಪನಿಗೆ ನೀನೇನು ಮಾಡ್ದೆ?" ಅಂದಳು.

"ಕುಟ್ಟಿದೆ" ಅಂದೆ.

"ತೆಲುಗಿನಾಗೋ ಕನ್ನಡದಾಗೋ?"

"ಎರಡ್ರಾಗೂ" ಅಂದೆ. ಆಮೇಲೆ ಅವಳ ಕೈಗೆ ಕಡ್ಡಿ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಹಿಡಿಯುವುದು ಹೇಗೆಂದು ತೋರಿಸಿದೆ.